ಫೈನಲೈಜ್‌ಗೆ ಒಂದು ಸ್ಟಾರ್, ಅದೂ ದಾಕ್ಷಿಣ್ಯಕ್ಕೆ

"ಫೈನಲ್, ಫೈನಲಿ, ಫೈನಲೈಜ್. ಮೂರಕ್ಕೂ ಏನು ವ್ಯತ್ಯಾಸ?"

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತು ಕ್ಯಾಂಪಸ್ ಇಂಟರ್‌ವ್ಯೂಗೆ ಕೂತವರಲ್ಲಿ ಈ ಪ್ರಶ್ನೆ ಎದುರಿಸದವರು ಕಡಿಮೆ. ಮೈಸೂರಿನಲ್ಲಿ ಓದುವಾಗ ನಾನೂ ಉತ್ತರವನ್ನು ಗಟ್ಟು ಹೊಡೆದಿದ್ದೆ. ಮೂರನೆಯದಕ್ಕೆ ನಮ್ಮ ನೋಟ್ಸ್‌ನಲ್ಲಿ ಇದ್ದದ್ದು ಒಂದೇ ಸಾಲು: ಸಿ ಪ್ಲಸ್ ಪ್ಲಸ್‌ನ ಡಿಸ್ಟ್ರಕ್ಟರ್ ಇದ್ದ ಹಾಗೆ, ಆಬ್ಜೆಕ್ಟ್ ಸಾಯುವಾಗ ತಾನಾಗಿ ಓಡುತ್ತದೆ. ಆಬ್ಜೆಕ್ಟ್ ಅಂದರೆ ಪ್ರೋಗ್ರಾಂ ಓಡುವಾಗ ಮೆಮೊರಿಯಲ್ಲಿ ಮಾಡಿಕೊಳ್ಳುವ ವಸ್ತು, ಅದರ ನಮೂನೆಗೆ ಕ್ಲಾಸ್ ಅಂತ ಹೆಸರು. ಪ್ರೋಗ್ರಾಂಗೆ ಅದು ಬೇಡವಾದರೆ ಸತ್ತ ಹಾಗೆ; ಆಗ ಓಡಲಿ ಅಂತ ಕ್ಲಾಸಿನಲ್ಲಿ ಬರೆದಿಡುವ ಕೋಡ್ ಫೈನಲೈಜ್. ಪರೀಕ್ಷೆಯಲ್ಲಿ ಐದಕ್ಕೆ ಐದು ಬಂತು. ಆ ಐದು ಮಾರ್ಕ್ಸ್ ಆಮೇಲೆ ನನಗೆ ಎಷ್ಟು ದುಬಾರಿ ಬಿತ್ತು ಅಂತ ಹೇಳುತ್ತೇನೆ. ಮಿಕ್ಸಿಗೆ, ಮೊಬೈಲಿಗೆ, ದೋಸೆ ಹೋಟೆಲಿಗೆ ಎಲ್ಲರೂ ಸ್ಟಾರ್ ಕೊಡುತ್ತಾರೆ. ದಿನಾ ಬಳಸುವ ಸಾಫ್ಟ್‌ವೇರ್ ಸೌಲಭ್ಯಕ್ಕೆ ನಾನು ಕೊಟ್ಟರೆ ತಪ್ಪೇನು, ಅಲ್ವಾ?

ನನ್ನ ಕೆಲಸ ದೊಡ್ಡದೇನಲ್ಲ. ಸರಸ್ವತಿಪುರಂನ ಬಾಡಿಗೆ ಮನೆಯ ಮೇಲಿನ ರೂಮಿನಲ್ಲಿ ಕೂತು ಸಣ್ಣ ವ್ಯಾಪಾರಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇನೆ. 2016ರಲ್ಲಿ ಮಂಡ್ಯದ ಒಂದು ಬೆಲ್ಲದ ಮಂಡಿಗೆ ಬರೆದುಕೊಟ್ಟೆ. ಆಲೆಮನೆಯಿಂದ ಬೆಲ್ಲ ಬರುತ್ತದೆ: ಅಚ್ಚು, ಬಕೆಟ್, ಕುರಿಕಟ್ಟು. ಒಂದೊಂದು ಲಾಟೂ ತೂಕವಾಗುತ್ತದೆ, ರೇಟು ಬೀಳುತ್ತದೆ, ರೈತರಿಗೆ ಚೀಟಿ ಹೋಗುತ್ತದೆ. ಇಷ್ಟನ್ನು ಮಾಡುವ ಜಾವಾ 8ರ ಪ್ರೋಗ್ರಾಂ. ಗೋಡೆ ಮೇಲೆ ಒಂದು ಸ್ಕ್ರೀನ್ ಇತ್ತು. ಐದು ಸೆಕೆಂಡಿಗೊಮ್ಮೆ ಅದು ಇವತ್ತಿನ ಲಾಟುಗಳ ಫೈಲನ್ನು ತೆರೆದು, ಓದಿ, ಹೊಸ ಪಟ್ಟಿ ತೋರಿಸುತ್ತಿತ್ತು.

ಫೈಲನ್ನು ತೆರೆಯುತ್ತಿತ್ತು ಅಂದೆ. ಮುಚ್ಚುತ್ತಿತ್ತು ಅಂತ ಹೇಳಲಿಲ್ಲ, ಗಮನಿಸಿ. ಮುಚ್ಚುವ ಸಾಲನ್ನು ನಾನು ಫೈನಲೈಜ್ ಒಳಗೆ ಬರೆದಿದ್ದೆ. ಆಬ್ಜೆಕ್ಟ್ ಸಾಯುವಾಗ ತಾನಾಗಿ ಓಡುತ್ತದಲ್ಲ!

ಮೊದಲ ವರ್ಷ ದೂರು ಬಂದದ್ದು ವಿಚಿತ್ರವಾಗಿತ್ತು. ವ್ಯಾಪಾರ ಜೋರಿದ್ದ ದಿನ ಪ್ರೋಗ್ರಾಂ ಚೆನ್ನಾಗಿ ಓಡುತ್ತಿತ್ತು. ಮಾಲು ಕಮ್ಮಿ ಇದ್ದ ದಿನ ಮಧ್ಯಾಹ್ನದ ಮೇಲೆ ನಿಂತುಬಿಡುತ್ತಿತ್ತು. ಪ್ರೋಗ್ರಾಂ ಏನು ಎರರ್ ಕೊಡುತ್ತಿದೆ ಅಂತ ಕೇಳಿದರೆ ಮಂಡಿಯ ಗುಮಾಸ್ತ "ಮತ್ತೆ ಪ್ರಯತ್ನಿಸಿ ಅಂತ ಬರ್ತದೆ ಮೇಡಂ" ಅನ್ನುತ್ತಿದ್ದ. ಅದನ್ನು ಬರೆದವಳು ನಾನೇ. ಎಂಥಾ ಎರರ್ ಬಂದರೂ ಹಿಡಿದು, ಗಂಟಲಲ್ಲೇ ಅಡಗಿಸಿ, "ಮತ್ತೆ ಪ್ರಯತ್ನಿಸಿ" ಅಂತ ತೋರಿಸುವ ಬುದ್ಧಿವಂತಿಕೆ ಆಗ ಇತ್ತು. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಮೆಮೊರಿ ಸಾಲುತ್ತಿಲ್ಲ ಅಂದುಕೊಂಡೆ. ಗೊತ್ತಾಗದ ಕಾಯಿಲೆಗೆಲ್ಲ ನಮ್ಮ ಕಡೆ ಕೊಡೋ ಔಷಧಿ ಅದೇ. ಸಾಹುಕಾರರು ಗೊಣಗಿಕೊಂಡೇ 8 ಜಿಬಿಯ ಹೊಸ ಮೆಷಿನ್ ತೆಗೆಸಿದರು. 256 ಎಂಬಿ ಇದ್ದ ಹೀಪನ್ನು, ಅಂದರೆ ಆಬ್ಜೆಕ್ಟುಗಳಿಗೆ ಅಂತ ಜಾವಾ ಎತ್ತಿಟ್ಟುಕೊಳ್ಳುವ ಮೆಮೊರಿಯನ್ನು, ನಾನು ಶುರುವಿನಿಂದಲೇ 4 ಜಿಬಿ ಮಾಡಿದೆ. ಇನ್ನು ನಿಂತರೆ ಕೇಳಿ ಅಂತ ಧೈರ್ಯವಾಗಿ ಹೇಳಿ ಬಂದೆ.

ಮಾರನೆಯ ದಿನದಿಂದ ಅದು ಪ್ರತಿದಿನ ನಿಲ್ಲತೊಡಗಿತು. ಅದೂ ಹೊತ್ತಿಗೆ ಸರಿಯಾಗಿ, ಒಂದೂ ಮುಕ್ಕಾಲಕ್ಕೆ ಸ್ವಲ್ಪ ಮುಂಚೆ. ಸಾಹುಕಾರರ ಫೋನು: "ಏನವ್ವಾ, ಉಣ್ಣಕ್ ಕುಂತ್ಕಂಡ್ರೆ ಸಾಕು, ನಿನ್ ಕಂಪ್ಯೂಟ್ರು ಮಕಾಡೆ ಮಲಿಕತದೆ. ಅದ್ಕೂ ಮುದ್ದೆ ಇಕ್ಕಬೇಕಾ?"

ಸಂಕ್ರಾಂತಿ ಹತ್ತಿರ ಬಂದಿತ್ತು. ಎಳ್ಳು ಬೆಲ್ಲದ ಕಾಲ, ಮಂಡಿಯಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಬೆಳಗಿನ ಟ್ರೈನ್ ಹಿಡಿದು ಹೋಗಿ, ಎಂಟು ಗಂಟೆಗೆ ಪ್ರೋಗ್ರಾಂ ಶುರು ಮಾಡಿ, ಪಕ್ಕದಲ್ಲೇ ಕೂತೆ. ಆ ಮೆಷಿನ್‌ನಲ್ಲಿ ಲಿನಕ್ಸ್ ಇತ್ತು. ಒಂದು ಪ್ರೋಗ್ರಾಂ ಎಷ್ಟು ಫೈಲ್ ತೆರೆದಿಟ್ಟುಕೊಂಡಿದೆ ಅಂತ ತೋರಿಸುವ ಎಲ್‌ಎಸ್‌ಓಎಫ್ ಅನ್ನುವ ಕಮಾಂಡ್ ಅದರಲ್ಲಿದೆ. ಸುಮ್ನೆ ಅದನ್ನು ಹೊಡೆದು ನೋಡಿದೆ. ಒಂಬತ್ತಕ್ಕೆ 720ರ ಮೇಲೆ. ಹತ್ತಕ್ಕೆ 1440ರ ಮೇಲೆ. ಐದು ಸೆಕೆಂಡಿಗೆ ಒಂದು ಫೈಲ್ ಅಂದರೆ ಗಂಟೆಗೆ 720. ಒಂದೂ ಮುಚ್ಚಿಲ್ಲ!

ಲಿನಕ್ಸ್ ಒಂದು ಪ್ರೋಗ್ರಾಂಗೆ ಇಷ್ಟೇ ಫೈಲ್ ಅಂತ ಮಿತಿ ಹಾಕುತ್ತದೆ. ಟರ್ಮಿನಲ್‌ನಲ್ಲಿ ಕೇಳಿದರೆ 1024 ಅಂತ ತೋರಿಸಿತು. ಆದರೆ ಜಾವಾ ಶುರುವಾಗುವಾಗ ತನ್ನ ಮಿತಿಯನ್ನು ತಾನೇ ಏರಿಸಿಕೊಳ್ಳುತ್ತದೆ, ಸಿಸ್ಟಮ್ ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ. ಆ ಮೆಷಿನ್‌ನಲ್ಲಿ ಅದು 4096. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ: 4096 ಫೈಲ್, ಒಂದೊಂದಕ್ಕೆ ಐದು ಸೆಕೆಂಡು, ಒಟ್ಟು ಐದು ಗಂಟೆ 41 ನಿಮಿಷ. ಎಂಟಕ್ಕೆ ಶುರುವಾದರೆ ಒಂದು ನಲವತ್ತೊಂದು. ಮುದ್ದೆ ಹೊತ್ತು.

ಕಾರಣ ತಿಳಿದ ಮೇಲೆ ನಗು ಬಂತು. ಸತ್ತ ಆಬ್ಜೆಕ್ಟುಗಳ ಮೆಮೊರಿ ಬಿಡಿಸುವ, ಜಾವಾದ ಗಾರ್ಬೇಜ್ ಕಲೆಕ್ಟರ್ ಎದ್ದು ಕೆಲಸಕ್ಕೆ ಬರುವುದು ಮೆಮೊರಿ ತುಂಬುತ್ತಾ ಬಂದಾಗ. ಫೈಲ್ ಎಷ್ಟು ತೆರೆದಿವೆ ಅಂತ ಅದು ಎಣಿಸುವುದೇ ಇಲ್ಲ. 256 ಎಂಬಿ ಇದ್ದಾಗ, ವ್ಯಾಪಾರ ಜೋರಿದ್ದರೆ, ಮೆಮೊರಿ ಬೇಗ ಬೇಗ ತುಂಬುತ್ತಿತ್ತು. ಕಲೆಕ್ಟರ್ ಬರುತ್ತಿತ್ತು, ಅದರ ಹಿಂದೆ ಫೈನಲೈಜ್ ಓಡಿ ಫೈಲುಗಳು ಮುಚ್ಚುತ್ತಿದ್ದವು. ಮಾಲು ಕಮ್ಮಿ ಇದ್ದ ದಿನ ಮೆಮೊರಿ ತುಂಬುತ್ತಿರಲಿಲ್ಲ, ಕಲೆಕ್ಟರಿಗೆ ಕೆಲಸವಿರಲಿಲ್ಲ, ಫೈಲು ಮಾತ್ರ ಸೇರುತ್ತಾ ಹೋಗುತ್ತಿತ್ತು. 4 ಜಿಬಿ ಕೊಟ್ಟ ಮೇಲಂತೂ ಕೇಳುವುದೇ ಬೇಡ. ಅಷ್ಟು ಜಾಗ ತುಂಬಲು ಇಡೀ ದಿನ ಸಾಲದು. ಸಾಹುಕಾರರ ದುಡ್ಡು ಖರ್ಚು ಮಾಡಿಸಿ ಕಾಯಿಲೆಯನ್ನು ಜಾಸ್ತಿ ಮಾಡಿದ್ದೆ.

ಇದು ಜಾವಾದ ತಪ್ಪಾ? ನಿಜ ಹೇಳಬೇಕೆಂದರೆ ಅಲ್ಲ. ಅದು ಕೊಟ್ಟ ಮಾತು ಏನು ಅಂತ ನಾನು ಓದಿರಲಿಲ್ಲ, ಅಷ್ಟೇ. ಈ ಮನೆಗೆ ಬಂದಾಗ ಓನರ್ ಆಂಟಿ ಹೇಳಿದ್ದು ನೆನಪಾಗುತ್ತದೆ. ಪಕ್ಕದ ಖಾಲಿ ಪೋರ್ಷನ್ ಗೋಡೆಗೆ ಸುಣ್ಣ ಹೊಡೆಸಿ ಆಂಟಿ ಅಂದೆ. "ಹೊಸ ಬಾಡಿಗೆಯವರು ಬರೋ ಮುಂಚೆ ಹೊಡೆಸ್ತೀನಮ್ಮ" ಅಂದರು. ಮೂರು ವರ್ಷ ಯಾರೂ ಬರಲಿಲ್ಲ. ಮೂರು ವರ್ಷ ಸುಣ್ಣ ಕಾಣಲಿಲ್ಲ. ಆಂಟಿ ಸುಳ್ಳು ಹೇಳಿದರಾ? ಇಲ್ಲವಲ್ಲ. ಜಾವಾದ ಮಾತೂ ಹೀಗೇ ಇದೆ: ಸತ್ತ ಆಬ್ಜೆಕ್ಟಿನ ಜಾಗವನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಅದರ ಫೈನಲೈಜ್ ಕರೆಯುತ್ತೇನೆ. ಜಾಗ ಯಾರಿಗೂ ಬೇಡವಾದರೆ ಕರೆಯುವುದಿಲ್ಲ. ಎಷ್ಟು ಹೊತ್ತಿಗೆ, ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳಲ್ಲಿ ಯಾವ ಥ್ರೆಡ್‌ನಲ್ಲಿ, ಯಾವುದು ಮೊದಲು ಯಾವುದು ಆಮೇಲೆ, ಇದಕ್ಕೆಲ್ಲ ಮಾತು ಕೊಟ್ಟಿಲ್ಲ. 2018ರಲ್ಲಿ ಬಂದ ಜಾವಾ 11ರಲ್ಲಿ ಎಪ್ಸಿಲಾನ್ ಅಂತ ಒಂದು ಕಲೆಕ್ಟರ್ ಸೇರಿಸಿದರು. ಅದು ಕಸವನ್ನೇ ಎತ್ತುವುದಿಲ್ಲ! ಮೆಮೊರಿ ಕೊಡುತ್ತಾ ಹೋಗುತ್ತದೆ, ಮುಗಿದಾಗ ಪ್ರೋಗ್ರಾಂ ನಿಲ್ಲುತ್ತದೆ. ಪರೀಕ್ಷೆ, ಅಳತೆಗಳಿಗೆ ಅಂತ ಮಾಡಿದ್ದು. ಮನೆಯಲ್ಲಿ ನನ್ನ ಹಳೇ ಕ್ಲಾಸನ್ನು ಅದರ ಮೇಲೆ ಓಡಿಸಿ ನೋಡಿದೆ. ಫೈನಲೈಜ್ ಒಂದೇ ಒಂದು ಸಲವೂ ಓಡಲಿಲ್ಲ. ಆದರೂ ಜಾವಾ ನಿಯಮ ಮುರಿದಂತಲ್ಲ.

ಮಂಡಿಯಲ್ಲಿ ಅವತ್ತು ನಾನು ಮಾಡಿದ ರಿಪೇರಿ ಹೇಳಿಕೊಳ್ಳುವಂಥದ್ದಲ್ಲ. ಕಲೆಕ್ಟರನ್ನು ಕೆಲಸಕ್ಕೆ ಬಾ ಅನ್ನುವ ಸಿಸ್ಟಮ್ ಡಾಟ್ ಜಿಸಿಯನ್ನು ಹತ್ತು ನಿಮಿಷಕ್ಕೊಮ್ಮೆ ಕರೆಯುವ ಟೈಮರ್ ಹಾಕಿ ಟ್ರೈನ್ ಹತ್ತಿದೆ. ಕೆಲಸವೇನೋ ಮಾಡಿತು. ಆದರೆ ಅದು ಆರ್ಡರ್ ಅಲ್ಲ, ಅರ್ಜಿ. ಪ್ರೋಗ್ರಾಂ ಶುರು ಮಾಡುವವರು ಡಿಸೇಬಲ್ ಎಕ್ಸ್‌ಪ್ಲಿಸಿಟ್ ಜಿಸಿ ಅನ್ನುವ ಆಪ್ಷನ್ ಕೊಟ್ಟರೆ ಅರ್ಜಿ ಕಸದ ಬುಟ್ಟಿಗೆ. ಅರ್ಜಿ ಒಪ್ಪಿಕೊಂಡು ಕಸ ಹುಡುಕಿದರೂ ಫೈನಲೈಜ್ ಅಲ್ಲೇ ಆಗ ಓಡುವುದಿಲ್ಲ. ಆಬ್ಜೆಕ್ಟುಗಳು ಒಂದು ಸಾಲಿನಲ್ಲಿ ನಿಲ್ಲುತ್ತವೆ. ಬೇರೊಂದು ಥ್ರೆಡ್ ಬಂದು ಒಂದೊಂದನ್ನೇ ಕರೆಯುತ್ತದೆ.

ಆ ಸಾಲಿನ ಕಥೆ ಎರಡನೇ ಪೆಟ್ಟು ಕೊಟ್ಟಿತು.

ತೂಕದ ಯಂತ್ರದ ಜೊತೆ ಮಾತಾಡುವ ಕ್ಲಾಸಿಗೂ ನಾನು ಫೈನಲೈಜ್ ಬರೆದಿದ್ದೆ. ಅದು ಕನೆಕ್ಷನ್ ಮುಚ್ಚುವ ಮುಂಚೆ ಯಂತ್ರಕ್ಕೆ ಒಂದು ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತಿತ್ತು. ಮರ್ಯಾದೆಯಿಂದ ಹೇಳಿ ಹೋಗೋಣ ಅಂತ. ಒಂದು ದಿನ ಹಮಾಲಿಯೊಬ್ಬರ ಕಾಲಿಗೆ ಸಿಕ್ಕಿ ಕೇಬಲ್ ಕಿತ್ತುಬಂತು. ಉತ್ತರ ಬರಲಿಲ್ಲ, ಕಾಯುವುದು ಮುಗಿಯಲಿಲ್ಲ. ನಾವೆಲ್ಲ ಬಳಸುವ ಹಾಟ್‌ಸ್ಪಾಟ್ ಜೆವಿಎಂನಲ್ಲಿ, ಅಂದರೆ ಜಾವಾ ಪ್ರೋಗ್ರಾಂ ಓಡಿಸುವ ಎಂಜಿನ್ನಿನಲ್ಲಿ, ಈ ಕೆಲಸಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ಥ್ರೆಡ್. ಕೌಂಟರ್ ಒಂದೇ. ಮುಂದೆ ನಿಂತವರು ಚಿಲ್ಲರೆಗೆ ಜಗಳ ತೆಗೆದರೆ ಹಿಂದಿನವರಿಗೆಲ್ಲ ಟಿಕೆಟ್ ಇಲ್ಲ. ಅದರ ಹಿಂದೆ ನಿಂತಿದ್ದ ಫೈಲುಗಳು ಮುಚ್ಚಲಿಲ್ಲ. ಜೊತೆಗೆ ಸಾಲಿನಲ್ಲಿರುವ ಆಬ್ಜೆಕ್ಟುಗಳ ಮೆಮೊರಿಯನ್ನೂ ಬಿಡಿಸಲು ಆಗುವುದಿಲ್ಲ, ಫೈನಲೈಜ್ ಓಡುವಾಗ ಅವು ಬೇಕಲ್ಲ. ಈ ಸಲ ಹೀಪ್‌ನಲ್ಲಿ ಏನೇನಿದೆ ಅಂತ ಪಟ್ಟಿ ತೆಗೆದೆ. ಫೈನಲೈಜರ್ ಅನ್ನುವ, ನಾನು ಬರೆಯದೇ ಇದ್ದ ಕ್ಲಾಸಿನ ಆಬ್ಜೆಕ್ಟುಗಳು ರಾಶಿ ರಾಶಿ. ಫೈನಲೈಜ್ ಬರೆದ ಒಂದೊಂದು ಆಬ್ಜೆಕ್ಟಿಗೂ ಜಾವಾ ಹೀಗೊಂದು ಚೀಟಿ ಕಟ್ಟುತ್ತದಂತೆ. ಸಾಮಾನ್ಯ ಆಬ್ಜೆಕ್ಟ್ ಕಲೆಕ್ಟರ್ ಒಮ್ಮೆ ಬಂದರೆ ಹೋಗುತ್ತದೆ. ಇವು ಹೋಗಲು ಕನಿಷ್ಠ ಎರಡು ಸಲ ಬರಬೇಕು.

ಮೂರನೆಯದನ್ನು ಬೇಗ ಮುಗಿಸುತ್ತೇನೆ, ಹೇಳಲು ಹಿಂಸೆ. ಚೀಟಿ ಬರೆಯುವ ಕ್ಲಾಸ್ ಬಫರ್ ಇಟ್ಟುಕೊಂಡು, ಅಂದರೆ ಅಕ್ಷರಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಒಟ್ಟಿಗೆ ಬರೆಯುತ್ತಿತ್ತು. ಜಾವಾದ ಬಫರ್ಡ್ ರೈಟರ್ ಸುಮ್ಮನೆ ಬಿಟ್ಟರೆ 8192 ಅಕ್ಷರ ಕೂಡಿದ ಮೇಲೆ ಡಿಸ್ಕಿಗೆ ಹಾಕುತ್ತದೆ. ಉಳಿದದ್ದನ್ನು ಖಾಲಿ ಮಾಡುವ ಸಾಲು ಎಲ್ಲಿತ್ತು? ಫೈನಲೈಜ್ ಒಳಗೆ. ಸಂಜೆ ಗುಮಾಸ್ತ ಪ್ರೋಗ್ರಾಂ ಮುಚ್ಚಿ ಮನೆಗೆ ಹೋದ. ಪ್ರೋಗ್ರಾಂ ಮುಗಿಯುವಾಗ ಉಳಿದ ಆಬ್ಜೆಕ್ಟುಗಳ ಫೈನಲೈಜ್ ಓಡುತ್ತದೆ ಅನ್ನುವ ಭರವಸೆಯೂ ಇಲ್ಲ. ಕೊನೆಯ ಕೆಲವು ಲಾಟು ಫೈಲಿನಲ್ಲಿ ಇಲ್ಲ. ಸಾಹುಕಾರರು ಕೈಬರಹದ ಪುಸ್ತಕವನ್ನು ಬಿಟ್ಟಿರಲಿಲ್ಲ, ಅದರಿಂದ ಬಚಾವ್. "ಅದ್ಕೇ ಕಣವ್ವ ನಾನು ಪೆನ್ನು ಬುಡಾಕಿಲ್ಲ" ಅಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಪ್ರೋಗ್ರಾಂ ಮುಗಿಯುವಾಗ ಎಲ್ಲವನ್ನೂ ಓಡಿಸು ಅಂತ ಹೇಳುವ ರನ್ ಫೈನಲೈಜರ್ಸ್ ಆನ್ ಎಕ್ಸಿಟ್ ಅನ್ನುವ ಮೆಥಡ್ ಒಂದಿತ್ತು. ಆಸೆಯಿಂದ ಬರೆದೆ, ಕಂಪೈಲರ್ ಎಚ್ಚರಿಕೆ ಕೊಟ್ಟಿತು. ಇನ್ನೊಂದು ಥ್ರೆಡ್ ಇನ್ನೂ ಬಳಸುತ್ತಿರುವ, ಬದುಕಿರುವ ಆಬ್ಜೆಕ್ಟಿನ ಮೇಲೂ ಅದು ಫೈನಲೈಜ್ ಓಡಿಸಿಬಿಡಬಹುದು. ಉಸಿರಾಡುತ್ತಿರುವವರನ್ನು ಚಟ್ಟಕ್ಕೆ ಕಟ್ಟಿದ ಹಾಗೆ. ಜಾವಾ 1.2ರ ಕಾಲಕ್ಕೇ ಅದನ್ನು ಬಳಸಬೇಡಿ ಅಂದಿದ್ದರು. ಜಾವಾ 11ರಲ್ಲಿ ತೆಗೆದೇಬಿಟ್ಟರು.

ಇದಕ್ಕೆ ಉಲ್ಟಾ ತಮಾಷೆಯೂ ಇದೆ. ಫೈನಲೈಜ್ ಓಡುವಾಗ ಆಬ್ಜೆಕ್ಟ್ ತನ್ನನ್ನು ತಾನೇ ಯಾವುದಾದರೂ ಪಟ್ಟಿಗೆ ಸೇರಿಸಿಕೊಂಡರೆ ಅದು ಬದುಕಿಬಿಡುತ್ತದೆ. ತಿಥಿ ದಿನ ಮನೆ ಯಜಮಾನರೇ ಬಂದು ಎಲೆ ಮುಂದೆ ಕೂತ ಹಾಗೆ. ಆದರೆ ಮತ್ತೆ ನಿಜವಾಗಿ ಸತ್ತಾಗ ಜೆವಿಎಂ ಎರಡನೇ ಸಲ ಫೈನಲೈಜ್ ಕರೆಯುವುದಿಲ್ಲ. ಒಂದು ಜೀವಕ್ಕೆ ಒಂದೇ ತಿಥಿ. ಫೈನಲೈಜ್ ಒಳಗೆ ಎಕ್ಸೆಪ್ಷನ್, ಅಂದರೆ ಎರರ್, ಎದ್ದರೆ ಜೆವಿಎಂ ಸದ್ದಿಲ್ಲದೆ ನುಂಗುತ್ತದೆ. ಆ ವಿಷಯದಲ್ಲಿ ನನಗೂ ಅದಕ್ಕೂ ಹೋಲಿಕೆ ಇತ್ತು ಅನ್ನಿ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು. ಗಾರ್ಬೇಜ್ ಕಲೆಕ್ಟರ್‌ಗೆ ನನ್ನಿಂದ ಐದು ಸ್ಟಾರ್. 1959ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಯೋಚಿಸಿದ ಉಪಾಯ ಇದು. ಮಂಡಿಯ ಪ್ರೋಗ್ರಾಂನಲ್ಲಿ ಇಷ್ಟು ವರ್ಷದಲ್ಲಿ ಒಂದು ಬೈಟ್ ಮೆಮೊರಿಯನ್ನೂ ನಾನು ಕೈಯಾರೆ ಬಿಡಿಸಿಲ್ಲ. ತನ್ನ ಕೆಲಸ ಅದು ಚೆನ್ನಾಗಿ ಮಾಡುತ್ತದೆ, ಆದರೆ ಅದರ ಕೆಲಸ ಮೆಮೊರಿ ಮಾತ್ರ. ಬೆಳಿಗ್ಗೆ ನಮ್ಮ ಬೀದಿಗೆ ಕಸದ ಗಾಡಿ ಬರುತ್ತದೆ. ಗೇಟಿನ ಹತ್ತಿರ ಇಟ್ಟ ಕಸ ಒಯ್ಯುತ್ತಾರೆ. ನಾನು ಒಳಗೆ ತೆರೆದಿಟ್ಟು ಮರೆತ ನಲ್ಲಿಯನ್ನು ಬಂದು ನಿಲ್ಲಿಸಲಿ ಅಂತ ಕಾದರೆ ತಪ್ಪು ಯಾರದು? ಫೈಲು, ಸಾಕೆಟ್ಟು, ಡೇಟಾಬೇಸ್ ಕನೆಕ್ಷನ್ನು ಎಲ್ಲ ನಲ್ಲಿಗಳು.

ನಲ್ಲಿ ನಿಲ್ಲಿಸಲು ಸರಿಯಾದ ಸಾಧನ 2011ರ ಜಾವಾ 7ರಲ್ಲೇ ಬಂದಿತ್ತು: ಟ್ರೈ ವಿತ್ ರಿಸೋರ್ಸಸ್. ಟ್ರೈ ಪಕ್ಕದ ಆವರಣದಲ್ಲಿ ಫೈಲ್ ತೆರೆಯಬೇಕು. ಅದರ ಬ್ಲಾಕ್, ಅಂದರೆ ಆ ಕೋಡಿನ ತುಂಡು, ಮುಗಿದ ಕೂಡಲೇ ಫೈಲ್ ಮುಚ್ಚುವ ಕ್ಲೋಸ್ ಓಡುತ್ತದೆ. ಚೆನ್ನಾಗಿ ಮುಗಿದರೂ ಓಡುತ್ತದೆ, ಮಧ್ಯೆ ಎರರ್ ಬಂದು ಹೊರಗೆ ಬಿದ್ದರೂ ಓಡುತ್ತದೆ. ಎರಡು ಮೂರು ತೆರೆದಿದ್ದರೆ ಕೊನೆಯದನ್ನು ಮೊದಲು ಮುಚ್ಚುತ್ತದೆ. ಮುಚ್ಚುವಾಗ ಇನ್ನೊಂದು ಎರರ್ ಬಂದರೆ ಮೊದಲಿನದನ್ನು ಕಳೆಯದೆ ಅದಕ್ಕೇ ಅಂಟಿಸಿ ಕೊಡುತ್ತದೆ. ನಾನು ಪ್ರೋಗ್ರಾಂ ಬರೆಯುವಾಗ ಇದಕ್ಕೆ ಐದು ವರ್ಷ ವಯಸ್ಸಾಗಿತ್ತು. ನನ್ನ ನೋಟ್ಸ್‌ಗೆ ಮಾತ್ರ ಇನ್ನೂ ತಲುಪಿರಲಿಲ್ಲ. ಸ್ಕ್ರೀನ್ ಕೋಡಿನಲ್ಲಿ ಬದಲಿಸಿದ್ದು ಮೂರು ಸಾಲು. ಎಲ್‌ಎಸ್‌ಓಎಫ್ ಲೆಕ್ಕ ಬೆಳಿಗ್ಗೆ ಎಷ್ಟಿತ್ತೋ ಸಂಜೆಯೂ ಅಷ್ಟೇ. ಚೀಟಿ ಬರೆದ ಮೇಲೆ ಪ್ರತಿ ಸಲ ಬಫರ್ ಖಾಲಿ ಮಾಡುವ ಫ್ಲಶ್ ಹಾಕಿದೆ. ತೂಕದ ಯಂತ್ರಕ್ಕೆ ಎರಡು ಸೆಕೆಂಡಿನ ಟೈಮ್ಔಟ್ ಕೊಟ್ಟೆ. ಟೈಮರ್ ಕಿತ್ತು ಹಾಕಿದೆ. ಇದಕ್ಕೂ ಐದು ಸ್ಟಾರ್.

ಬ್ಲಾಕಿನಲ್ಲಿ ಹಿಡಿಸದಷ್ಟು ಕಾಲ ಬದುಕುವ ವಸ್ತುಗಳಿಗೆ 2017ರ ಜಾವಾ 9ರಲ್ಲಿ ಕ್ಲೀನರ್ ಬಂತು. ಆಬ್ಜೆಕ್ಟ್ ಸತ್ತ ಮೇಲೆ ನಾವು ಕೊಟ್ಟ ಕೋಡನ್ನು ಅದು ಓಡಿಸುತ್ತದೆ. ಇದಕ್ಕೆ ಮೂರು ಸ್ಟಾರ್. ಗುಣ ಇದೆ: ಸ್ವಚ್ಛ ಮಾಡುವ ಕೋಡ್ ಆಬ್ಜೆಕ್ಟಿನಿಂದ ಬೇರೆ ಇರುತ್ತದೆ, ಹಾಗಾಗಿ ಸತ್ತವರು ಎದ್ದು ಬರುವ ಆಟ ಇಲ್ಲ. ಲೈಬ್ರರಿ ಬರೆಯುವವರು ತಮ್ಮದೇ ಕ್ಲೀನರ್ ಇಟ್ಟುಕೊಂಡರೆ ಅದಕ್ಕೆ ತನ್ನದೇ ಥ್ರೆಡ್ ಇರುತ್ತದೆ, ಪಕ್ಕದವರ ಕೌಂಟರಿನಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಮೊದಲ ಸಲ ಬಳಸಿದಾಗ ನಾನೇ ಎಡವಿದೆ. ಸ್ವಚ್ಛ ಮಾಡುವ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಕೋಡ್ ತುಣುಕು) ಒಳಗೆ ಆ ಆಬ್ಜೆಕ್ಟಿನದೇ ಒಂದು ಫೀಲ್ಡ್ ಬಳಸಿದೆ. ಅಂದರೆ ಕ್ಲೀನರ್ ಆ ಆಬ್ಜೆಕ್ಟಿನ ಕೈ ಹಿಡಿದುಕೊಂಡೇ ಇದು ಯಾವಾಗ ಸಾಯುತ್ತದೆ ಅಂತ ಕಾಯುತ್ತಿತ್ತು. ಯಾರೋ ಹಿಡಿದುಕೊಂಡಿರುವ ಆಬ್ಜೆಕ್ಟ್ ಎಲ್ಲಿ ಸಾಯುತ್ತದೆ? ಒಂದೂ ಸ್ವಚ್ಛವಾಗಲಿಲ್ಲ. ಬೇಕಾದ ಮಾಹಿತಿಯನ್ನು ಆ ಆಬ್ಜೆಕ್ಟಿಗೆ ಅಂಟಿಕೊಳ್ಳದ ಬೇರೆ ಸ್ಟ್ಯಾಟಿಕ್ ಕ್ಲಾಸಿನಲ್ಲಿ ಇಟ್ಟ ಮೇಲೆ ಸರಿಹೋಯಿತು. ಹೊತ್ತಿನ ಭರವಸೆ ಮಾತ್ರ ಇಲ್ಲೂ ಇಲ್ಲ, ಪ್ರೋಗ್ರಾಂ ಮುಗಿಯುವಾಗ ಓಡಿಯೇ ಓಡುತ್ತದೆ ಅನ್ನುವ ಮಾತೂ ಇಲ್ಲ. ಕ್ಲೋಸ್ ಮರೆತವರಿಗೆ ಕೊನೆಯ ಬಲೆ ಅಂತ ಇಟ್ಟುಕೊಳ್ಳಬಹುದು. ಬಲೆ ಇದೆ ಅಂತ ಮೇಲಿಂದ ಹಾರಬಾರದು.

ಫೈನಲೈಜ್‌ಗೆ ಸೊನ್ನೆ ಕೊಡೋಣ ಅಂತಿದ್ದೆ. 1996ರಲ್ಲಿ ಜಾವಾ ಬಂದಾಗಿನಿಂದ ಇರುವ ಹಿರಿಯ ಅಂತ ಒಂದು ಕೊಟ್ಟಿದ್ದೇನೆ. ಮಾಡಿದವರೇ ಕೈಬಿಡುತ್ತಿದ್ದಾರೆ: ಜಾವಾ 9ರಲ್ಲಿ ಬಳಸಬೇಡಿ ಅಂದರು, 2022ರ ಮಾರ್ಚ್‌ನಲ್ಲಿ ಬಂದ ಜಾವಾ 18ರಲ್ಲಿ ಮುಂದೆ ತೆಗೆದುಹಾಕುತ್ತೇವೆ ಅಂತಲೇ ಗುರುತು ಹಾಕಿದರು. ಜಾವಾದ ಸ್ವಂತ, ಫೈಲ್ ಓದುವ ಕ್ಲಾಸಾದ ಫೈಲ್ ಇನ್‌ಪುಟ್ ಸ್ಟ್ರೀಮ್‌ನಿಂದಲೂ ಫೈನಲೈಜನ್ನು ಜಾವಾ 12ರಲ್ಲಿ ಕಿತ್ತು ಹಾಕಿದ್ದಾರೆ. 18ರಿಂದ ಒಂದು ಒಳ್ಳೆಯ ಅನುಕೂಲ ಇದೆ. ಶುರು ಮಾಡುವಾಗಲೇ ಫೈನಲೈಜೇಷನ್ ಡಿಸೇಬಲ್ಡ್ ಅಂತ ಆಪ್ಷನ್ ಕೊಟ್ಟು, ಅದಿಲ್ಲದೆ ನಮ್ಮ ಪ್ರೋಗ್ರಾಂ ಏನಾಗುತ್ತದೆ ಅಂತ ನೋಡಬಹುದು. ಹಳೇ ಕೋಡ್ ಇರುವವರು ಒಂದು ಭಾನುವಾರ ಇದನ್ನು ಮಾಡಿ ನೋಡಿ. ಫೈಲ್ ಲೆಕ್ಕ ಏರಿದರೆ ನಲ್ಲಿ ಎಲ್ಲೋ ತೆರೆದಿದೆ.

ನಾನು ಮಂಡಿಯ ಪ್ರೋಗ್ರಾಂ ಅನ್ನು ಜಾವಾ 21ಕ್ಕೆ ತಂದಾಗ ಮಾಡಿದೆ. ನನ್ನ ಕೋಡ್ ಪಾಸಾಯಿತು. ಆದರೂ ಲೆಕ್ಕ ನಿಧಾನವಾಗಿ ಏರುತ್ತಿತ್ತು. ಆಪ್ಷನ್ ತೆಗೆದು, ಜಾವಾ ಫ್ಲೈಟ್ ರೆಕಾರ್ಡರ್ ಹಾಕಿ ನೋಡಿದೆ. ಯಾವ ಕ್ಲಾಸಿನ ಫೈನಲೈಜ್ ಎಷ್ಟು ಸಲ ಓಡಿದೆ ಅಂತ ಅದು ಹೆಸರು ಹಿಡಿದು ಹೇಳುತ್ತದೆ. ಸಿಕ್ಕಿಬಿದ್ದದ್ದು ಚೀಟಿ ಪ್ರಿಂಟರ್ ಜೊತೆ ಬಂದ ಜಾರ್ ಫೈಲ್, ಅಂದರೆ ಜಾವಾ ಕೋಡಿನ ಗಂಟು. ಅದರ ಸೋರ್ಸ್ ನನ್ನ ಹತ್ತಿರ ಇಲ್ಲ. ಪ್ರಿಂಟರ್ ಮಾರಿದವರಿಗೆ ಎರಡು ಮೇಲ್ ಹಾಕಿದೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಪ್ರಿಂಟ್ ಕೆಲಸವನ್ನು ಬೇರೆ ಸಣ್ಣ ಪ್ರೋಗ್ರಾಂ ಮಾಡಿ ಇಟ್ಟಿದ್ದೇನೆ. ಮಧ್ಯಾಹ್ನ ಒಂದೂವರೆಗೆ ಮುಚ್ಚಿ, ಊಟ ಮುಗಿಸಿ ಬಂದು ತೆರೆಯಲು ಗುಮಾಸ್ತನಿಗೆ ಹೇಳಿದ್ದೇನೆ.